ಕೈ ಹಚ್ಚದೆ ನೋಡುವ ಕೆಲಸ

ನಲವತ್ತು ದಾಟಿದ ಮೇಲೆ ಸಾಫ್ಟ್‌ವೇರ್ ಪರೀಕ್ಷೆಯ ಕೆಲಸ ಕಲಿಯಲು ಹೊರಟಾಗ, ಕಂಪ್ಯೂಟರೇ ನನ್ನನ್ನು ಸೋಲಿಸುತ್ತದೆ ಎಂದು ಹೆದರಿದ್ದೆ. ಅದೇನೂ ಅಷ್ಟು ಕಾಡಲಿಲ್ಲ. ಕಾಡಿದ್ದು ಕುರ್ಚಿ. ಬೆಳಗಿನಿಂದ ಸಂಜೆಯವರೆಗೆ ಕೈಯಲ್ಲಿ ಏನೂ ಹಿಡಿಯದೆ ಕೂಡಬೇಕು. ಕಣ್ಣೆದುರು ತಪ್ಪು ಕಂಡರೂ ಮುಟ್ಟದೆ, ಇಂಥಲ್ಲಿ ಇಂಥ ತಪ್ಪಿದೆ ಎಂದು ಬರೆದಷ್ಟಕ್ಕೆ ಸುಮ್ಮನಾಗಬೇಕು. ನಾನು ಫೋನಿನಲ್ಲಿ ಮಾತಾಡುವಾಗಲೂ ಇನ್ನೊಂದು ಕೈಯಿಂದ ಅಡುಗೆಮನೆಯ ಡಬ್ಬಿ ಒರೆಸುವವಳು. ಇಂಥವಳಿಗೆ ಆ ಕೆಲಸ ಒಗ್ಗೀತೇ ಎಂದು ಮನೆಯಲ್ಲಿ ಎಲ್ಲರಿಗೂ ಅನುಮಾನವಿತ್ತು. ನನಗೂ ಇತ್ತು, ಹೊರಗೆ ತೋರಿಸಿಕೊಳ್ಳಲಿಲ್ಲ ಅಷ್ಟೆ.

ಅದಕ್ಕೆ ಮೊದಲು ನಾನು ಹೈದರಾಬಾದಿನ ಕುಷಾಯಿಗೂಡದ ಒಂದು ಸಣ್ಣ ಕಾರ್ಖಾನೆಯಲ್ಲಿ ಸರ್ಕ್ಯೂಟ್ ಬೋರ್ಡುಗಳ ತಪಾಸಣೆ ಮಾಡುತ್ತಿದ್ದೆ. ದೀಪವಿದ್ದ ಭೂತಗನ್ನಡಿಯ ಕೆಳಗೆ ಬೋರ್ಡು ಹಿಡಿದು ಒಂದೊಂದೇ ಬೆಸುಗೆ ನೋಡುವುದು. ಬೆಸುಗೆ ಬಿರುಕು ಬಿಟ್ಟಿದ್ದರೆ, ಪಕ್ಕದ ಬೆಸುಗೆಗೆ ಅಂಟಿದ್ದರೆ, ಬೋರ್ಡನ್ನು ತಿರಸ್ಕರಿಸಿ ಹಿಂದಕ್ಕೆ ಕಳಿಸಬೇಕೆಂಬುದು ಗೋಡೆಯ ಮೇಲಿದ್ದ ನಿಯಮ. ಆದರೆ ಹಿಂದಕ್ಕೆ ಕಳಿಸಿದರೆ ಕೆಲಸದ ಸಾಲು ನಿಲ್ಲುತ್ತದೆ, ಸೂಪರ್‌ವೈಸರ್ ಮುಖ ಊದಿಸಿಕೊಳ್ಳುತ್ತಾನೆ, ಬೆಸುಗೆ ಹಾಕಿದ ಹುಡುಗಿ ಊಟದ ಹೊತ್ತಿಗೆ ಅಳುತ್ತಾಳೆ. ಹಾಗಾಗಿ ಪ್ರತಿ ತಪಾಸಣೆ ಮೇಜಿನ ಮೇಲೂ ಬೆಸುಗೆ ಕಡ್ಡಿಯೊಂದು ಸದಾ ಕಾದಿರುತ್ತಿತ್ತು. ಸಣ್ಣ ದೋಷವಾದರೆ ನಾವೇ ಕಡ್ಡಿ ತಾಗಿಸಿ ಸರಿ ಮಾಡಿ, ಪಾಸ್ ಎಂದು ಮುಂದಕ್ಕೆ ತಳ್ಳುತ್ತಿದ್ದೆವು. ಯಾರ ಮೇಜಿನಿಂದ ಬೋರ್ಡು ಹಿಂದಕ್ಕೆ ಹೋಗುವುದಿಲ್ಲವೋ ಅವಳೇ ಒಳ್ಳೆಯ ತಪಾಸಕಿ. ನಾನು ಬಹಳ ಒಳ್ಳೆಯವಳಾಗಿದ್ದೆ. ಆಮೇಲೆ ಕ್ಯಾಮೆರಾ ಇರುವ ಯಂತ್ರ ಬಂತು, ನಮ್ಮ ಮೇಜುಗಳನ್ನು ತೆಗೆದುಹಾಕಿದರು.

ಮನೆಯಲ್ಲಿ ಕೂತ ಕೆಲವೇ ವಾರಗಳಲ್ಲಿ ನನಗೆ ತಲೆ ಕೆಟ್ಟುಹೋಯಿತು. ಒರೆಸಿದ ಕಿಟಕಿಯನ್ನೇ ಮತ್ತೆ ಒರೆಸುತ್ತಿದ್ದೆ, ಮಗಳ ಪುಸ್ತಕಗಳನ್ನು ಜೋಡಿಸಲು ಹೋಗಿ ಅವಳಿಂದ ಬೈಸಿಕೊಳ್ಳುತ್ತಿದ್ದೆ. ನನ್ನ ಗಂಡ ಕೋಠಿಯ ಒಂದು ಬಟ್ಟೆ ಸಗಟು ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಅಲ್ಲಿಗೆ ಬರುವ ಗಿರಾಕಿಯೊಬ್ಬರ ಸೊಸೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಾಳೆಂದೂ ಅದು ಬರೀ ತಪ್ಪು ಹುಡುಕುವ ಕೆಲಸವೆಂದೂ ಕೇಳಿಕೊಂಡು ಬಂದರು. ತಪ್ಪು ಹುಡುಕುವುದಕ್ಕೆ ನಿನಗಿಂತ ಲಾಯಕ್ಕಾದವರು ಈ ಹೈದರಾಬಾದಿನಲ್ಲಿ ಸಿಗಲಿಕ್ಕಿಲ್ಲ ಎಂದು ನಕ್ಕರು. ನಾನು ನಗಲಿಲ್ಲ. ಮರುದಿನವೇ ಬಸ್ಸಿನಲ್ಲಿ ಸಿಕಂದರಾಬಾದಿಗೆ ಹೋಗಿ, ಅಲ್ಲಿಂದ ಮೆಟ್ರೊ ಹಿಡಿದು ಅಮೀರ್‌ಪೇಟೆಯಲ್ಲಿ ಇಳಿದೆ.

ಅಲ್ಲಿನ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ ನಮ್ಮ ತರಗತಿ. ಪಕ್ಕದವರ ಮೊಣಕೈ ತಾಗುವಷ್ಟು ಇಕ್ಕಟ್ಟು. ಎಲ್ಲರೂ ಕಾಲೇಜು ಮುಗಿಸಿ ಬಂದ ಹುಡುಗ ಹುಡುಗಿಯರು. ನಾನು ಒಳಗೆ ಹೋದಾಗ ಯಾರದೋ ತಾಯಿ ಬಂದಿದ್ದಾರೆ ಎಂದುಕೊಂಡು ಜಾಗ ಬಿಟ್ಟರು. ಎರಡನೆಯ ದಿನದಿಂದ ಎಲ್ಲರ ಬಾಯಲ್ಲೂ ಆಂಟಿ. ಕಲಿಸುವವನೂ ಆಂಟಿ ಎಂದಾಗ ಮಾತ್ರ ನನಗೆ ಸಿಟ್ಟು ಬಂತು. ನಿನಗೆ ನಾನು ವಿದ್ಯಾರ್ಥಿ, ಹಾಗೇ ಕರೆ ಎಂದು ತೆಲುಗಿನಲ್ಲಿ ಹೇಳಿದೆ. ಅವನು ಅಂದಿನಿಂದ ನನ್ನನ್ನು ಏನೆಂದೂ ಕರೆಯದೆ ಬೆರಳು ತೋರಿಸಿ ಪ್ರಶ್ನೆ ಕೇಳತೊಡಗಿದ.

ಕಲಿತದ್ದು ಹೇಳುವುದಕ್ಕೆ ಸರಳ. ಒಂದು ಪುಟದಲ್ಲಿ ಏನು ಟೈಪ್ ಮಾಡಿದರೆ ಏನು ಬರಬೇಕು ಎಂದು ಮೊದಲೇ ಬರೆದುಕೊಳ್ಳಬೇಕು. ಆಮೇಲೆ ಟೈಪ್ ಮಾಡಿ ನೋಡಬೇಕು. ಬಂದದ್ದು ಬರಬೇಕಾದದ್ದೇ ಆಗಿದ್ದರೆ ಪಾಸ್, ಇಲ್ಲವಾದರೆ ಫೇಲ್. ಫೇಲ್ ಆದರೆ ಯಾವ ಹೆಜ್ಜೆಯಲ್ಲಿ ಏನಾಯಿತೆಂದು ಬರೆದು ಪ್ರೋಗ್ರಾಂ ಬರೆದವನಿಗೆ ಕಳಿಸಬೇಕು. ಇಷ್ಟೇ ಎನ್ನುವಷ್ಟರಲ್ಲಿ ಡೇಟಾಬೇಸ್ ಬಂತು, ಅದಕ್ಕೆ ಪ್ರಶ್ನೆ ಕೇಳುವ ಭಾಷೆ ಬಂತು, ಪರೀಕ್ಷೆಯನ್ನು ತಾನೇ ಓಡಿಸುವ ಪ್ರೋಗ್ರಾಂ ಬಂತು. ಹುಡುಗರು ಕೀಲಿಮಣೆಯ ಮೇಲೆ ಬೆರಳು ಓಡಿಸುವಾಗ ನಾನು ಒಂದೊಂದೇ ಅಕ್ಷರ ಹುಡುಕುತ್ತಿದ್ದೆ. ಅಣಕು ಸಂದರ್ಶನಗಳಲ್ಲಿ ಗೊತ್ತಿದ್ದ ಉತ್ತರವೂ ಇಂಗ್ಲಿಷಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಮೆಟ್ರೊದಲ್ಲಿ ಕಂಬಿ ಹಿಡಿದು ನಿಂತು ತುಟಿ ಅಲ್ಲಾಡಿಸುತ್ತ ಅಭ್ಯಾಸ ಮಾಡುತ್ತಿದ್ದೆ. ಮಂತ್ರ ಹೇಳಿಕೊಳ್ಳುತ್ತಿದ್ದಾರೆ ಎಂದು ಭಾವಿಸಿ ಒಬ್ಬ ಅಜ್ಜಿ ಕೈ ಮುಗಿದಿದ್ದೂ ಉಂಟು.

ಕೋರ್ಸು ಮುಗಿದ ಮೇಲೆ ಕಂಪನಿ ಕಂಪನಿ ಅಲೆದೆ. ವಯಸ್ಸು ನೋಡಿ ಒಬ್ಬರು ಮಾನವ ಸಂಪನ್ಮೂಲ ವಿಭಾಗಕ್ಕೆ ಬಂದಿದ್ದೀರಾ ಎಂದರು, ಇನ್ನೊಬ್ಬರು ನೀರು ಕೊಟ್ಟು ಕಳಿಸಿದರು. ಕೊನೆಗೆ ಸಿಕಂದರಾಬಾದಿನ ಒಂದು ಚಿಕ್ಕ ಕಂಪನಿ ಮೂರು ತಿಂಗಳು ಪ್ರಯೋಗಕ್ಕೆ ಇಟ್ಟುಕೊಳ್ಳುತ್ತೇವೆ, ಆಮೇಲೆ ನೋಡೋಣ ಎಂದಿತು. ರಕ್ತ, ಮೂತ್ರ ಪರೀಕ್ಷೆ ಮಾಡುವ ಲ್ಯಾಬುಗಳಿಗೆ ಅವರು ಸಾಫ್ಟ್‌ವೇರ್ ಮಾಡುತ್ತಿದ್ದರು. ತಂಡದ ಮುಖ್ಯಸ್ಥೆ ನನಗಿಂತ ಬಹಳ ಚಿಕ್ಕವರು, ತೆಲುಗಿನವರು, ಮಾತು ಕಡಿಮೆ. ಈ ಮೂರು ತಿಂಗಳಲ್ಲಿ ಉಳಿದರೆ ಉಳಿದೆ, ಇಲ್ಲದಿದ್ದರೆ ಇನ್ನು ಯಾವ ಬಾಗಿಲೂ ತೆರೆಯುವುದಿಲ್ಲ ಎಂಬುದು ನನಗೆ ಸ್ಪಷ್ಟವಿತ್ತು. ಮತ್ತೆ ಆ ಕಿಟಕಿ ಒರೆಸುವ ದಿನಗಳು ನನಗೆ ಬೇಡವಾಗಿದ್ದವು.

ಮೊದಲ ವಾರ ಊಟದ ಹೊತ್ತಿನಲ್ಲಿ ಗಂಡನೊಡನೆ ಫೋನಿನಲ್ಲಿ ಮಾತಾಡುತ್ತಿದ್ದೆ. ಎದುರಿನ ಸಾಲಿನಲ್ಲಿ ಕೂಡುವ ಪ್ರೋಗ್ರಾಮರ್ ಎದ್ದು ಬಂದು ನಿಂತ. ಮೂವತ್ತರ ಆಸುಪಾಸಿನವನು, ರಾಯಚೂರು ಕಡೆಯವನು. ಹೈದರಾಬಾದಿಗೆ ಬಂದ ಮೇಲೆ ಆಫೀಸಿನಲ್ಲಿ ಕನ್ನಡವನ್ನೇ ಕೇಳಿರಲಿಲ್ಲವಂತೆ.

“ನಮ್ಮ ಕಡೀ ಮಾತು ಕಿವಿಗೆ ಬಿದ್ದು ಭಾಳ ದಿನ ಆಗಿತ್ತರಿ ಅಕ್ಕಾರ,” ಎಂದ.

ಅಂದಿನಿಂದ ಅವನು ನನಗೆ ಆಧಾರವಾದ. ಲ್ಯಾಬಿನ ವರದಿಯ ಭಾಗವನ್ನು ಬರೆಯುತ್ತಿದ್ದವನೂ ಅವನೇ, ಅದನ್ನು ಪರೀಕ್ಷಿಸಬೇಕಾದವಳು ನಾನು. ನನಗೆ ತಿಳಿಯದ ಪದವನ್ನು ಮೆಲ್ಲಗೆ ಕನ್ನಡದಲ್ಲಿ ಹೇಳಿಕೊಡುತ್ತಿದ್ದ. ನನ್ನ ಡಬ್ಬಿಯ ಜೋಳದ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ಅವನದೂ ಒಂದು ಪಾಲು ನಿಶ್ಚಯವಾಯಿತು. ನಾನು ಕಾಲು ಕುಣಿಸುತ್ತ ಕೂತದ್ದನ್ನು ನೋಡಿ, ನೀವು ಅಲ್ಲಾಡಿದರೆ ನನ್ನ ಮೇಜೂ ಅಲ್ಲಾಡುತ್ತದೆ ಎಂದು ಚೇಷ್ಟೆ ಮಾಡುತ್ತಿದ್ದ. ಆ ಕಚೇರಿಯಲ್ಲಿ ನನ್ನ ಎದೆಬಡಿತ ತುಸು ತಗ್ಗುತ್ತಿದ್ದದ್ದು ಅವನ ಜೊತೆ ಮಾತಾಡುವಾಗ ಮಾತ್ರ.

ಪರೀಕ್ಷೆಗೆ ಬಂದ ಮೊದಲ ದೊಡ್ಡ ಭಾಗವೆಂದರೆ ವಯಸ್ಸು. ರೋಗಿಯ ವಯಸ್ಸು ನೋಡಿಕೊಂಡು ವರದಿಯಲ್ಲಿ ಅವರವರ ಆರೋಗ್ಯಕರ ಮಿತಿ ಅಚ್ಚಾಗಬೇಕು. ಮಿತಿ ಮೀರಿದ ಅಂಕಿ ದಪ್ಪ ಅಕ್ಷರದಲ್ಲಿ ಬರಬೇಕು. ದೊಡ್ಡವರದು ಸರಿ ಬಂತು, ಮಕ್ಕಳದೂ ಬಂತು. ಎಂಟು ತಿಂಗಳ ಕೂಸು ಎಂದು ಹಾಕಿದಾಗ ಮಾತ್ರ ಎಂಟು ವರ್ಷದವರ ಮಿತಿ ಬಂತು. ನಾನು ಸುಮ್ಮನೆ ಕೂತೇನೆಯೇ? ವಯಸ್ಸಿನ ಬದಲು ಹುಟ್ಟಿದ ದಿನಾಂಕ ಹಾಕಿ ನೋಡಿದೆ, ಸರಿಯಾಯಿತು. ತಿಂಗಳು ಹಾಕಿದ್ದ ಎಲ್ಲ ಕಡೆಯೂ ದಿನಾಂಕ ಹಾಕಿ ಸರಿ ಮಾಡಿ, ಪಾಸ್ ಎಂದು ಗುರುತು ಹಾಕಿದೆ. ಪಟ್ಟಿಯ ಸಾಲುಗಳೆಲ್ಲ ಪಾಸ್ ಆಗಿ ಹಸಿರಾದದ್ದನ್ನು ನೋಡಿ ಬಹಳ ದಿನಗಳ ನಂತರ ಹಗುರವೆನಿಸಿತು.

ಆ ಸಾಫ್ಟ್‌ವೇರನ್ನು ಒಂದು ಲ್ಯಾಬಿನಲ್ಲಿ ಪ್ರಾಯೋಗಿಕವಾಗಿ ಹಾಕಿದರು. ಅಲ್ಲಿನ ಕೌಂಟರಿನ ಹುಡುಗಿ ತಾಯಂದಿರು ಹೇಳಿದಂತೆ ಎಂಟು ತಿಂಗಳು, ಹತ್ತು ತಿಂಗಳು ಎಂದೇ ಟೈಪ್ ಮಾಡಿದಳು. ಕೂಸುಗಳ ವರದಿ ತಪ್ಪಾಗಿ ಬಂತು. ಪುಣ್ಯಕ್ಕೆ ಸಹಿ ಹಾಕುವ ಡಾಕ್ಟರು ನೋಡಿ ತಡೆದರು. ಮುಖ್ಯಸ್ಥೆ ನನ್ನನ್ನೂ ಪ್ರೋಗ್ರಾಂ ಬರೆದ ರಾಯಚೂರಿನವನನ್ನೂ ಒಳಗೆ ಕರೆದು, ಇದನ್ನು ಪರೀಕ್ಷೆ ಮಾಡಿದ್ದಿರಾ ಎಂದು ನನ್ನನ್ನು ಕೇಳಿದರು. ಮಾಡಿದ್ದೆ, ತಪ್ಪಿತ್ತು, ನಾನೇ ಸರಿ ಮಾಡಿದೆ ಎಂದೆ. ಹೆಮ್ಮೆಯಿಂದಲೇ ಹೇಳಿದೆ. ಕಾರ್ಖಾನೆಯಲ್ಲಿ ಈ ಮಾತಿಗೆ ಸೂಪರ್‌ವೈಸರ್ ಚಹಾ ತರಿಸುತ್ತಿದ್ದ.

ಅವರು ಕೈಯಲ್ಲಿದ್ದ ವರದಿಯನ್ನು ಮೇಜಿನ ಮೇಲಿಟ್ಟರು. ಆಮೇಲೆ ಹಿಂದಿಯಲ್ಲಿ, ತಗ್ಗಿದ ದನಿಯಲ್ಲಿ ಕೇಳಿದರು: “ಇಲ್ಲಿ ನೀವು ಕೂತು ಸರಿ ಮಾಡಿದಿರಿ. ಪ್ರತಿ ಲ್ಯಾಬಿನಲ್ಲಿ ಯಾರು ಕೂತು ಸರಿ ಮಾಡಬೇಕು?”

ಕಾರ್ಖಾನೆಯಲ್ಲಿ ನಾನು ಸರಿ ಮಾಡಿದ ಬೋರ್ಡು ಸರಿಯಾಗಿಯೇ ಹೊರಗೆ ಹೋಗುತ್ತಿತ್ತು. ಇಲ್ಲಿ ನಾನು ಸರಿ ಮಾಡಿದ್ದು ನನ್ನ ಟೈಪಿಂಗನ್ನು. ತಪ್ಪು ಪ್ರೋಗ್ರಾಮಿನಲ್ಲಿ ಇದ್ದ ಹಾಗೇ ಇತ್ತು. ಬೈಗುಳ ಬಿದ್ದದ್ದು ಮಾತ್ರ ಅವನಿಗೆ, ಏಕೆಂದರೆ ಪ್ರೋಗ್ರಾಂ ಅವನದು. ಪರೀಕ್ಷೆಯವರು ತನಗೆ ತಿಳಿಸಲೇ ಇಲ್ಲ ಎಂದು ಅವನು ಹೇಳಬಹುದಿತ್ತು, ಹೇಳಲಿಲ್ಲ. ಹೊರಗೆ ಬಂದು ನಾನು ಏನೋ ಹೇಳಹೊರಟರೆ, ಇರಲಿ ಬಿಡಿ ಅಕ್ಕಾರ, ಹೊಸ ಕೆಲಸ, ಆಗುತ್ತದೆ ಎಂದ. ನಾಚಿಕೆಯಿಂದ ಆ ದಿನ ನನ್ನ ಪಾಲಿನ ರೊಟ್ಟಿಯನ್ನೂ ಅವನ ಮುಂದಿಟ್ಟೆ.

ಮನೆಗೆ ಬಂದು ಗಂಡನ ಮುಂದೆ ಎಲ್ಲವನ್ನೂ ತೋಡಿಕೊಂಡೆ. ತಪ್ಪು ಕಂಡಾಗ ಸರಿ ಮಾಡುವುದೂ ತಪ್ಪಾದರೆ ಮನುಷ್ಯ ಬದುಕುವುದು ಹೇಗೆ ಎಂದು ಕೂಗಾಡಿದೆ. ಅವರು ಚಹಾ ಸೋಸುತ್ತ ಕೇಳಿಸಿಕೊಂಡು, ಬಹಳ ಸಮಾಧಾನದಿಂದ ಹೇಳಿದರು:

“ನೀ ಮನ್ಯಾಗೂ ಹಿಂಗ ಮಾಡ್ತಿ. ನಾ ಮಾಡಿದ ಚಾದಾಗ ಸಕ್ಕರಿ ಕಡಿಮಿ ಆದ್ರ ನೀನ ಎದ್ದು ಹಾಕ್ಕೊಂಡು ಕುಡೀತಿ. ಕಡಿಮಿ ಆಗೈತಿ ಅಂತ ಒಂದಿನಾನೂ ಅಂದಿಲ್ಲ. ನಾ ಇಷ್ಟ ವರ್ಷ ಚಲೋ ಚಾ ಮಾಡಾಕತ್ತೀನಿ ಅಂತ ತಿಳ್ಕೊಂಡು ಕುಂತೀನಿ.”

ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಆದರೆ ವಿಷಯ ತಲೆಗೆ ಹತ್ತಿತು. ಮರುದಿನದಿಂದ ಪುಟ ತೆರೆದ ಕೂಡಲೇ ಎಡಗೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂಡತೊಡಗಿದೆ. ಏನಾದರೂ ತಪ್ಪಾಗಿ ಬಂದರೆ ಮೊದಲು ಪರದೆಯ ಚಿತ್ರ ತೆಗೆದುಕೊಳ್ಳಬೇಕು, ಆಮೇಲೆ ನಾನು ಮಾಡಿದ್ದನ್ನೆಲ್ಲ ಬರೆಯಬೇಕು, ಅಲ್ಲಿಯವರೆಗೆ ಇನ್ನೊಂದು ಅಕ್ಷರವನ್ನೂ ಒತ್ತಬಾರದು. ಕೇಳುವುದಕ್ಕೆ ಏನೂ ಅಲ್ಲ. ನನಗೆ ತುರಿಕೆ ಬಂದ ಕಡೆ ಕೆರೆಯದೆ ಇದ್ದ ಹಾಗಾಗುತ್ತಿತ್ತು. ಸಂಜೆಯ ಹೊತ್ತಿಗೆ ಭುಜ ಸೆಟೆದುಕೊಂಡಿರುತ್ತಿತ್ತು. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂಡಲಾಗದೆ ನಿಂತೇ ಬರುತ್ತಿದ್ದೆ.

ಕೌಂಟರಿನಲ್ಲಿ ನಿಜವಾಗಿ ಏನು ನಡೆಯುತ್ತದೆಂದು ನೋಡಿಕೊಂಡು ಬನ್ನಿ ಎಂದು ಮುಖ್ಯಸ್ಥೆ ನನ್ನನ್ನು ಆ ಲ್ಯಾಬಿಗೆ ಕಳಿಸಿದರು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೌಂಟರಿನ ಹುಡುಗಿಯ ಹಿಂದೆ ಕುರ್ಚಿ ಹಾಕಿಕೊಂಡು ಕೂತೆ. ಯಾರೂ ಹುಟ್ಟಿದ ದಿನಾಂಕ ಹೇಳಲಿಲ್ಲ. ಒಬ್ಬ ಮುದುಕರಿಗೆ ತಮ್ಮ ವಯಸ್ಸು ಅರವತ್ತೋ ಎಪ್ಪತ್ತೋ ಎಂಬುದೇ ಖಚಿತವಿರಲಿಲ್ಲ. ಆಮೇಲೆ ಒಬ್ಬಳು ಅಜ್ಜಿ ಟವೆಲಿನಲ್ಲಿ ಸುತ್ತಿದ ಕೂಸನ್ನು ಎತ್ತಿಕೊಂಡು ಬಂದಳು. ಕಾಮಾಲೆ ಇದೆಯೋ ಏನೋ, ರಕ್ತ ನೋಡಬೇಕು ಎಂದು ಚೀಟಿ ತಂದಿದ್ದಳು. ಕೂಸಿನ ವಯಸ್ಸೆಷ್ಟು ಎಂದರೆ ಪದಕೊಂಡು ರೋಜುಲು ಎಂದಳು. ಹನ್ನೊಂದು ದಿನ. ಕೌಂಟರಿನ ಹುಡುಗಿ ದಿನ ಎಂಬುದನ್ನು ಆರಿಸಿ ಹನ್ನೊಂದು ಎಂದು ಟೈಪ್ ಮಾಡಿದಳು. ನಾನು ಕಚೇರಿಗೆ ಮರಳಿ, ಹನ್ನೊಂದು ದಿನದ ಕೂಸು ಎಂಬ ಸಾಲನ್ನೂ ನನ್ನ ಪರೀಕ್ಷೆಗಳ ಪಟ್ಟಿಗೆ ಸೇರಿಸಿಕೊಂಡೆ.

ಅಷ್ಟರಲ್ಲಿ ರಾಯಚೂರಿನವನು ತಿಂಗಳ ಲೆಕ್ಕವನ್ನು ಸರಿ ಮಾಡಿದ್ದ. ಹಲವು ಶಾಖೆಗಳಿರುವ ಒಂದು ದೊಡ್ಡ ಲ್ಯಾಬು ನಮ್ಮ ಸಾಫ್ಟ್‌ವೇರ್ ತೆಗೆದುಕೊಳ್ಳಲು ಒಪ್ಪಿತ್ತು. ಅಲ್ಲಿ ಹಾಕುವ ದಿನವೂ ನಿಶ್ಚಯವಾಗಿತ್ತು. ಅದು ಸುಸೂತ್ರವಾದರೆ ಆ ಲ್ಯಾಬಿಗೆಂದು ಕಟ್ಟುವ ಹೊಸ ತಂಡಕ್ಕೆ ಅವನನ್ನೇ ಮುಖ್ಯಸ್ಥನನ್ನಾಗಿ ಮಾಡುತ್ತಾರೆ ಎಂಬ ಮಾತಿತ್ತು. ನನ್ನ ಮೂರು ತಿಂಗಳು ಮುಗಿಯುವುದೂ ಅದೇ ವಾರ. ಹಾಕುವ ಹಿಂದಿನ ದಿನ ಮಧ್ಯಾಹ್ನದ ಹೊತ್ತಿಗೆ ಪಟ್ಟಿಯೆಲ್ಲ ಹಸಿರಾಗಿತ್ತು, ಉಳಿದದ್ದು ಒಂದೇ ಸಾಲು. ಹನ್ನೊಂದು ದಿನದ ಕೂಸು, ಕಾಮಾಲೆಯ ಪರೀಕ್ಷೆ. ಟೈಪ್ ಮಾಡಿ ವರದಿ ತೆಗೆದೆ. ಹನ್ನೊಂದು ತಿಂಗಳ ಮಗುವಿನ ಮಿತಿ ಅಚ್ಚಾಗಿತ್ತು. ಹುಟ್ಟಿದ ಕೂಸಿಗೆ ಮೊದಮೊದಲು ತುಸು ಹಳದಿ ಇರುವುದು ಸಹಜ, ಅದರ ಮಿತಿಯೇ ಬೇರೆ. ಈ ಲೆಕ್ಕದಲ್ಲಿ ಚೆನ್ನಾಗಿರುವ ಕೂಸಿನ ವರದಿಯೂ ದಪ್ಪ ಅಕ್ಷರದಲ್ಲಿ ಅಪಾಯವೆಂದು ಬರುತ್ತಿತ್ತು.

ಕೈ ತೊಡೆಯ ಕೆಳಗೇ ಇತ್ತು. ಚಿತ್ರ ತೆಗೆದುಕೊಂಡೆ. ಆದರೆ ಫೇಲ್ ಎಂದು ಬರೆಯುವ ಮೊದಲು ಅವನನ್ನು ಕರೆದು ತೋರಿಸಿದೆ. ಅವನು ಬಗ್ಗಿ ನೋಡಿದ, ಅವನ ಮುಖ ಸಪ್ಪಗಾಯಿತು. ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತ.

“ಅಕ್ಕಾರ, ಇದೊಂದು ಬಿಟ್ಟಬಿಡ್ರಿ. ಇದು ಮೊದಲಿನ ಪಟ್ಟಿ ಒಳಗ ಇರಲೇ ಇಲ್ಲ, ನೀವ ಸೇರಿಸೀರಿ. ಅಲ್ಲಿ ಡಾಕ್ಟರ್ ನೋಡೇ ಸಹಿ ಹಾಕ್ತಾರ. ನಾಳಿ ಹಾಕಿ ಬರೋಣು, ನಾಡಿದ್ದು ನಾ ಸರಿ ಮಾಡಿಬಿಡ್ತೀನಿ. ಯಾರಿಗೂ ಗೊತ್ತಾಗಂಗಿಲ್ಲ.”

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಡಾಕ್ಟರು ನೋಡುತ್ತಾರೆ, ಅವನು ಸರಿಯೂ ಮಾಡುತ್ತಾನೆ. ಆದರೂ, ಅಂಥ ಕೂಸನ್ನು ನಾನು ಕಣ್ಣಾರೆ ನೋಡಿದ್ದೇನೆ, ನಾಳೆ ಬೆಳಿಗ್ಗೆಯೇ ಇನ್ನೊಂದು ಬರಬಹುದು ಎಂದೆ.

“ಆವಾಗ ನಿಮ್ಮ ಸಲುವಾಗಿ ನಾ ಬೈಸಿಕೊಂಡೀನ್ರಿ,” ಎಂದ. “ಏನರ ಅಂದೀನೇನು?”

ಇಲ್ಲ, ಏನೂ ಅಂದಿಲ್ಲ ಎಂದೆ. ಸ್ವಲ್ಪ ತಡಿ ಎಂದು ಹೇಳಿ ಮೆಟ್ಟಿಲಿಳಿದು ರಸ್ತೆಗೆ ಬಂದೆ. ಸ್ಟೇಷನ್ ಕಡೆಗೆ ಹೋಗುವ ಬಸ್ಸುಗಳು ಒಂದರ ಬಾಲಕ್ಕೊಂದು ನಿಂತು ಹಾರ್ನ್ ಹೊಡೆಯುತ್ತಿದ್ದವು. ನಾನು ಫುಟ್‌ಪಾತಿನ ಮೇಲೆ ಆ ತುದಿಯಿಂದ ಈ ತುದಿಗೆ ಓಡಾಡಿದೆ. ಎಳನೀರು ಮಾರುವವನು ಏನು ಕಳೆದುಹೋಯಿತಮ್ಮಾ ಎಂದು ಕೇಳಿದ. ಬಿಟ್ಟುಬಿಟ್ಟರೆ ಅವನಿಗೆ ತಂಡ ಸಿಗುತ್ತದೆ, ನನಗೆ ನೌಕರಿ ಸಿಗುತ್ತದೆ, ಋಣವೂ ತೀರುತ್ತದೆ. ಬರೆದರೆ ನಾಳಿನ ಕೆಲಸ ನಿಲ್ಲುತ್ತದೆ, ಅದನ್ನು ನಿಲ್ಲಿಸಿದವಳನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಯೇ? ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಅವನು ಕೇಳುವುದು ನಾನು ಇಷ್ಟು ವರ್ಷ ಒಳ್ಳೆಯತನವೆಂದುಕೊಂಡು ಮಾಡಿದ್ದನ್ನೇ. ಬೆಸುಗೆ ಹಾಕಿದವಳು ಅಳಬಾರದೆಂದು ನಾನೇ ಕಡ್ಡಿ ತಾಗಿಸುತ್ತಿದ್ದೆನಲ್ಲ. ಆದರೆ ಕಡ್ಡಿ ತಾಗಿಸಿದರೆ ಬೋರ್ಡು ಸರಿಯಾಗುತ್ತಿತ್ತು. ಇಲ್ಲಿ ನಾನು ಸುಮ್ಮನಿದ್ದರೆ ಸರಿಯಾಗುವುದು ಏನೂ ಇರಲಿಲ್ಲ, ಮುಚ್ಚಿಹೋಗುತ್ತಿತ್ತು ಅಷ್ಟೆ.

ಮೇಲೆ ಹೋಗಿ ಅವನ ಮೇಜಿನ ಮುಂದೆ ನಿಂತು ಹೇಳಿದೆ: “ನಾ ಫೇಲ್ ಅಂತ ಬರೀತೀನಪಾ. ಅದಕ್ಕೂ ಮೊದಲ ನೀನ ಹೋಗಿ ಮೇಡಮ್‌ಗೆ ಹೇಳು. ಬೇಕಾದ್ರ ಇಬ್ಬರೂ ಕೂಡಿ ಹೋಗೋಣು ಬಾ.”

“ಬರೀರಿ,” ಎಂದ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ.

ಬರೆದೆ. ಇಂಗ್ಲಿಷಿನಲ್ಲಿ, ಒಂದೊಂದೇ ಹೆಜ್ಜೆ, ಚಿತ್ರ ಲಗತ್ತಿಸಿ. ಹೊಣೆ ಯಾರದು ಎಂಬಲ್ಲಿ ಅವನ ಹೆಸರು ಹಾಕಬೇಕಿತ್ತು, ಹಾಕಿದೆ. ಕಳಿಸುವ ಗುಂಡಿ ಒತ್ತಿದೆ. ತುಸು ಹೊತ್ತಿನಲ್ಲೇ ಮುಖ್ಯಸ್ಥೆಯ ಕೋಣೆಯ ಬಾಗಿಲು ಮುಚ್ಚಿತು, ಅವನನ್ನು ಒಳಗೆ ಕರೆದರು, ದೊಡ್ಡ ಲ್ಯಾಬಿಗೆ ಫೋನು ಹೋಯಿತು. ಗಾಜಿನಾಚೆ ಅವರು ಯಾರಿಗೋ ಕ್ಷಮೆ ಕೇಳುತ್ತಿರುವುದು ಕಾಣುತ್ತಿತ್ತು. ನನ್ನನ್ನು ಯಾರೂ ಕರೆಯಲಿಲ್ಲ. ಕೂಡಲಾಗದೆ ನೀರಿನ ಬಾಟಲಿ ತುಂಬಿಸಲು ಎದ್ದೆ, ತುಂಬಿದ್ದನ್ನು ಚೆಲ್ಲಿ ಮತ್ತೆ ತುಂಬಿಸಿದೆ.

ಅವನು ಅದನ್ನು ಸರಿ ಮಾಡಲು ಮರುದಿನ ಸಂಜೆಯಾಯಿತು. ನಾನು ದಿನ, ತಿಂಗಳು, ವರ್ಷ ಎಲ್ಲವನ್ನೂ ಮತ್ತೆ ಹಾಕಿ ನೋಡಿ ಪಾಸ್ ಎಂದು ಬರೆದೆ. ಆ ವಾರದ ಕೊನೆಗೆ ಸಾಫ್ಟ್‌ವೇರ್ ದೊಡ್ಡ ಲ್ಯಾಬಿಗೆ ಹೋಯಿತು. ಅಂದೇ ಮುಖ್ಯಸ್ಥೆ ನನ್ನನ್ನು ಕರೆದು, ಸೋಮವಾರದಿಂದ ನೀವು ಕಾಯಂ ಎಂದರು. ಹೊಗಳಲಿಲ್ಲ. ನಿಮ್ಮ ಇಂಗ್ಲಿಷ್ ಇನ್ನೂ ಸುಧಾರಿಸಬೇಕು ಎಂದು ಮಾತ್ರ ಸೇರಿಸಿದರು. ಹೊಸ ತಂಡವನ್ನು ಬೇರೊಬ್ಬರಿಗೆ ಕೊಟ್ಟ ಸುದ್ದಿ ಅವರ ಕೋಣೆಯಿಂದ ಹೊರಗೆ ಬಂದ ಮೇಲೆ ನನಗೆ ತಿಳಿಯಿತು. ಮನೆಯಲ್ಲಿ ಗಂಡ, ಮಗಳು ಸಿಹಿ ತಂದು ಕುಣಿದಾಡಿದರು. ನನಗೂ ಸಂತೋಷವಾಗಿತ್ತು, ಇಲ್ಲವೆನ್ನಲಾರೆ. ಆದರೂ ಒಂದು ಕಡೆ ಕೂತು ಆ ಸಿಹಿಯನ್ನು ತಿನ್ನಲಾಗಲಿಲ್ಲ.

ಸೋಮವಾರ ಅವನಿಗೆಂದು ರೊಟ್ಟಿ ಹೆಚ್ಚಿಗೆ ಕಟ್ಟಿಕೊಂಡು ಹೋಗಿದ್ದೆ. ಊಟದ ಹೊತ್ತಿಗೆ ಅವನು ಹೊರಗೆ ಹೋಗಿದ್ದ. ಮೂರು ಗಂಟೆಯ ಸುಮಾರಿಗೆ ಹೊಸ ಪುಟವೊಂದನ್ನು ಪರೀಕ್ಷೆಗೆ ಕಳಿಸಿ, ನನ್ನ ಮೇಜಿನ ಹತ್ತಿರ ಬಂದು ನಿಂತ.

“ಮೇಡಮ್, ಏಕ್ ಬಾರ್ ದೇಖ್ ಲೀಜಿಯೇ,” ಎಂದ.

ಒಮ್ಮೆ ನೋಡಿ ಎನ್ನುವುದಕ್ಕೆ, ಉಳಿದವರೊಡನೆ ಮಾತಾಡುವ ಅದೇ ಹಿಂದಿ, ಅದೇ ಮರ್ಯಾದೆ. ನಾನು ಕನ್ನಡದಲ್ಲೇ, ನೋಡ್ತೀನಪಾ ಎಂದೆ. ಅವನು ತಲೆಯಾಡಿಸಿ ತನ್ನ ಜಾಗಕ್ಕೆ ಹೋಗಿ ಕೂತ. ಪುಟ ತೆರೆದು ಮೊದಲ ಸಾಲಿನಿಂದ ಶುರು ಮಾಡಿದೆ. ಕೊನೆಕೊನೆಗೆ ಸಣ್ಣದೊಂದು ತಪ್ಪು ಸಿಕ್ಕಿತು. ಅದನ್ನು ಅವನ ಹೆಸರಿಗೆ ಬರೆದು ಕಳಿಸಿದೆ.